ಎಚ್‌ಎಚ್‌ಒ ಸೆಲ್ಲಿಗೆ ಕಲಬುರಗಿ ಬಿಸಿಲು: ಆಂಪಿಯರ್ ಹಿಡಿದಿಟ್ಟ ಬಗೆ

ಕರೆಂಟು ಹಾಯಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಗ್ಯಾಸಾಗಿ ಒಡೆಯುವ, ಮನೆಯಲ್ಲಿ ಕಟ್ಟಿದ ಎಚ್‌ಎಚ್‌ಒ ಸೆಲ್ಲು ಶುರುವಿಗೆ 10 ಆಂಪಿಯರ್ ಎಳೆಯುತ್ತದೆ. ಒಂದೂವರೆ ತಾಸು ಬಿಟ್ಟು ಮೀಟರ್ ನೋಡಿದರೆ 15. ಇನ್ನೂ ಬಿಟ್ಟರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಪೈಪು ಮೆತ್ತಗಾಗಿ ಕ್ಲಿಪ್ಪಿನಿಂದ ಜಾರುತ್ತದೆ. ಇದಕ್ಕೆ ಮದ್ದು ಅಂತ ಎಲ್ಲರೂ ಮೊದಲು ತರುವುದು ಪಿಡಬ್ಲ್ಯುಎಂ ಬೋರ್ಡು, ಅಂದರೆ ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡಿ ಸರಾಸರಿ ತಗ್ಗಿಸುವ ಬೋರ್ಡು. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ಎಣಿಸಬೇಕಾದ್ದು ಪ್ಲೇಟುಗಳ ನಡುವಿನ ಸಂದುಗಳನ್ನು. ಪ್ಲೇಟುಗಳನ್ನಲ್ಲ, ಸಂದುಗಳನ್ನು.

ನೀರು ಒಡೆಯಲು ಒಂದು ಸಂದಿಗೆ ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಸೆಲ್ಲು ತಾನೂ ಕಾಯದೆ, ಹೊರಗಿನ ಶಾಖವನ್ನೂ ಹೀರದೆ ನಡೆಯುವ ಮಟ್ಟ 1.48. ಅದರ ಮೇಲೆ ಕೊಟ್ಟದ್ದೆಲ್ಲ ಬಿಸಿ. ಪ್ಲಸ್ಸು ಮೈನಸ್ಸು ಒಂದು ಬಿಟ್ಟು ಒಂದು ಜೋಡಿಸಿದ ಸೆಲ್ಲಿನಲ್ಲಿ ಪ್ರತಿ ಸಂದಿಗೂ ಪೂರ್ತಿ 12 ವೋಲ್ಟ್ ಬೀಳುತ್ತದೆ. ಅದರಲ್ಲಿ 10.5 ವೋಲ್ಟ್ ಬರೀ ನೀರು ಕಾಯಿಸಲು, ಅಂದರೆ ನೂರಕ್ಕೆ 88 ಪಾಲು. ಅದಕ್ಕೆ ಗೀಜರ್ ಅನ್ನುವುದೇ ಸರಿ.

ನನ್ನದು 7 ಪ್ಲೇಟು, 6 ಸಂದು: ಎರಡು ತುದಿಗೆ ಮಾತ್ರ ವೈರು, ನಡುವಿನ 5 ಪ್ಲೇಟು ನ್ಯೂಟ್ರಲ್, ಅಂದರೆ ವೈರಿಲ್ಲದವು. ಬ್ಯಾಟರಿ ಚಾರ್ಜಿನಲ್ಲಿದ್ದಾಗಿನ 13.8 ವೋಲ್ಟಿಗೆ ತಲಾ 2.3 ಬರುತ್ತದೆ. 10 ಆಂಪಿಯರಿಗೆ ಒಳಗೆ ಹೋಗುವುದು 138 ವ್ಯಾಟ್, ಗ್ಯಾಸಿನಲ್ಲಿ ಸೇರುವುದು 89, ಉಳಿದ 49 ವ್ಯಾಟ್ ಶಾಖ. 7 ಸಂದು ಮಾಡಿದರೆ ಅದೇ 10 ಆಂಪಿಯರಿಗೆ ಶಾಖ 34 ವ್ಯಾಟಿಗೆ ಇಳಿದು ಗ್ಯಾಸು ಆರರಲ್ಲೊಂದು ಪಾಲು ಹೆಚ್ಚುತ್ತದೆ. ಆದರೆ ಅಷ್ಟು ಆಂಪಿಯರ್ ಎಳೆಸಲು ಪ್ಲೇಟು ದೊಡ್ಡದಿರಬೇಕು. ವೋಲ್ಟೇಜ್ 14.4ರವರೆಗೆ ಏರುವ ಸೋಲಾರ್ ಚಾರ್ಜಿಂಗಿನ ಮೇಲೆ ನಡೆಸುವವರಿಗೆ 7 ಸಂದೇ ವಾಸಿ. ಎಸ್‌ಎಂಪಿಎಸ್ (ಮನೆ ಕರೆಂಟನ್ನು ಡಿಸಿಗೆ ಇಳಿಸುವ ಪವರ್ ಸಪ್ಲೈ) ಇದ್ದರೆ ಟರ್ಮಿನಲ್ ಪಕ್ಕದ ಪ್ರೀಸೆಟ್ಟನ್ನು (ಹೊಂದಿಸುವ ತಿರುಪನ್ನು) ಸ್ವಲ್ಪ ಹಿಂದೆ ತಿರುಗಿಸಿ ನೋಡಿ. ಅರ್ಧ ವೋಲ್ಟ್ ಇಳಿದರೆ ಸಾಕು, ಆಂಪಿಯರ್ ಎಷ್ಟು ಬೀಳುತ್ತದೆ ಅಂತ ಗೊತ್ತಾಗುತ್ತದೆ.

ಪ್ಲೇಟು 316ಎಲ್ ಸ್ಟೀಲು, 1 ಮಿಮೀ ದಪ್ಪ, 15×15 ಸೆಂಮೀ. ಗ್ಯಾಸ್ಕೆಟ್ ಇಪಿಡಿಎಂ ರಬ್ಬರು, ಬಿಗಿದ ಮೇಲೆ 2 ಮಿಮೀ ಉಳಿಯುವಂಥದು. ಗ್ಯಾಸ್ಕೆಟ್ ಒಳಗೆ ಸಿಗುವ ಕೆಲಸದ ಜಾಗ 12×12, ಅಂದರೆ 144 ಚದರ ಸೆಂಮೀ. ಚದರ ಸೆಂಟಿಮೀಟರಿಗೆ 0.08 ಆಂಪಿಯರ್ ದಾಟಬಾರದು ಅಂತ ಇಟ್ಟುಕೊಂಡಿದ್ದೇನೆ, ಹಾಗಾಗಿ ಮಿತಿ 11–12, ನಡೆಸುವುದು 10. 80 ನಂಬರಿನ ಮರಳು ಕಾಗದದಿಂದ ಎರಡೂ ಬದಿ ಅಡ್ಡಡ್ಡ ಉದ್ದುದ್ದ ಗೀರಿ, ಆಮೇಲೆ ಬೆರಳು ತಾಗಿಸಬಾರದು. ನೀರು, ಗ್ಯಾಸು ಹೋಗುವ ತೂತುಗಳನ್ನು ಒಂದೇ ಗೆರೆಯಲ್ಲಿ ಕೊರೆದರೆ ಕರೆಂಟು ನ್ಯೂಟ್ರಲ್ ಪ್ಲೇಟುಗಳನ್ನು ಬಿಟ್ಟು ತೂತಿನ ದ್ರಾವಣದಲ್ಲೇ ನುಗ್ಗುತ್ತದೆ. ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ, ಸಣ್ಣದಾಗಿ ಕೊರೆಯಬೇಕು. ಪ್ಲೇಟುಗಳನ್ನು ಡಬ್ಬಿಯೊಳಗೆ ಮುಳುಗಿಸುವ ಹಳೆ ಮಾದರಿಯಲ್ಲಿ ಕರೆಂಟು ಅಂಚುಗಳ ಸುತ್ತಲೇ ಹಾಯುವುದರಿಂದ ನ್ಯೂಟ್ರಲ್ ಪ್ಲೇಟು ಇದ್ದೂ ಇಲ್ಲದಂತೆ.

ಈಗ ದ್ರಾವಣ. 3 ಲೀಟರ್ ಬ್ಯಾಟರಿ ನೀರಿಗೆ 60 ಗ್ರಾಂ ಕಾಸ್ಟಿಕ್ ಪೊಟ್ಯಾಶ್ ಹಾಕಿ ಶುರು ಮಾಡುತ್ತೇನೆ. ನೀರಿಗೆ ಪೊಟ್ಯಾಶ್, ಪೊಟ್ಯಾಶಿಗೆ ನೀರಲ್ಲ, ಕರಗುವಾಗಲೇ ಕಾಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು, ಪಾತ್ರೆ ಪ್ಲಾಸ್ಟಿಕ್ಕಿನದು. ಅಲ್ಯುಮಿನಿಯಂ ಬೋಗುಣಿಯನ್ನು ಇದು ತಿಂದುಹಾಕುತ್ತದೆ. ಹತ್ತು ನಿಮಿಷ ಓಡಿಸಿ ಆಂಪಿಯರ್ ನೋಡಿ, ಸಾಲದಿದ್ದರೆ 15 ಗ್ರಾಂನಂತೆ ಬೇರೆ ಮಗ್ಗಿನಲ್ಲಿ ಕರಗಿಸಿ, ಆರಿಸಿ ಸೇರಿಸುವುದು. ತಣ್ಣಗಿದ್ದಾಗ 7 ಆಂಪಿಯರ್ ಬಂತೆಂದರೆ ಕೈ ಹಿಂದೆ. ದ್ರಾವಣ ಒಂದು ಡಿಗ್ರಿ ಕಾದರೆ ಕರೆಂಟು ಹರಿಯುವ ಗುಣ ಹತ್ತಿರಹತ್ತಿರ ಶೇ. 2 ಏರುತ್ತದೆ. ಕರೆಂಟು ಏರಿದರೆ ಇನ್ನಷ್ಟು ಕಾವು, ಕಾವಿಗೆ ಇನ್ನಷ್ಟು ಕರೆಂಟು. ಅದರಿಂದಲೇ ಡಿಸೆಂಬರ್ ಬೆಳಗಿನ ಚಳಿಯಲ್ಲಿ 10ಕ್ಕೆ ಕೂಡಿಸಿದ ಸೆಲ್ಲು ಮೇ ತಿಂಗಳಲ್ಲಿ ಸ್ವಿಚ್ ಹಾಕಿದ ಕೂಡಲೇ ಮಿತಿ ಮೀರುತ್ತದೆ. ನಮ್ಮಲ್ಲಿ ಆಗ ನೆರಳಲ್ಲಿಟ್ಟ ದ್ರಾವಣವೇ 40ರ ಹತ್ತಿರ ಇರುತ್ತದೆ.

ಆಂಪಿಯರ್ ದಿನದಿಂದ ದಿನಕ್ಕೆ ಏರುತ್ತಿದ್ದರೆ ನೀರು ತುಂಬುವ ರೀತಿ ನೋಡಿ. ಪೊಟ್ಯಾಶ್ ಖರ್ಚಾಗುವುದಿಲ್ಲ, ಖರ್ಚಾಗುವುದು ನೀರು. 6 ಸಂದಿಗೆ 10 ಆಂಪಿಯರಿನಲ್ಲಿ ತಾಸಿಗೆ 20 ಮಿಲಿ. ಮಟ್ಟ ಇಳಿದಾಗೆಲ್ಲ ಒಂದು ಚಮಚ ಪೊಟ್ಯಾಶನ್ನೂ ಸೇರಿಸಿದರೆ ದ್ರಾವಣ ಗಟ್ಟಿಯಾಗುತ್ತಲೇ ಹೋಗುತ್ತದೆ. ತುಂಬಬೇಕಾದ್ದು ಬ್ಯಾಟರಿ ನೀರು ಮಾತ್ರ. ಈ ಸುಣ್ಣಗಲ್ಲಿನ ಸೀಮೆಯಲ್ಲಿ ಬೋರಿನ ನೀರಂತೂ ಬೇಡವೇ ಬೇಡ. ಸುಣ್ಣ ಪ್ಲೇಟಿನ ಮೇಲೆ ಬಿಳಿ ಪೊರೆಯಾಗಿ ಕೂಡುತ್ತದೆ, ಕ್ಲೋರೈಡು ಸ್ಟೀಲನ್ನು ಕೊರೆಯುತ್ತದೆ. ಉಪ್ಪು ಹಾಕಿದರೆ ಕ್ಲೋರಿನ್ ಗ್ಯಾಸು ಬರುತ್ತದೆ. ಅದರ ಸುದ್ದಿಗೇ ಹೋಗಬೇಡಿ.

ಶಾಖಕ್ಕೆ ಬರೋಣ. 49 ವ್ಯಾಟು 3 ಲೀಟರ್ ದ್ರಾವಣವನ್ನು, ಹೊರಗೆ ಹೋಗಲು ದಾರಿ ಇಲ್ಲದಿದ್ದರೆ, ತಾಸಿಗೆ 14 ಡಿಗ್ರಿಯಷ್ಟು ಏರಿಸುತ್ತದೆ. 42ರಲ್ಲಿ ಶುರುವಾದದ್ದು ಒಂದೂಕಾಲು ತಾಸಿಗೆ 60. ಅಲ್ಲಿಗೆ ಪಿವಿಸಿ ಪೈಪು ಮೆತ್ತಗಾಗುತ್ತದೆ. ರೇಡಿಯೇಟರ್ ಅಂತ ಸಿಗುವುದು ಹೆಚ್ಚಾಗಿ ಅಲ್ಯುಮಿನಿಯಂ, ಅದು ಈ ದ್ರಾವಣಕ್ಕೆ ಆಗದು. ಮೇಲಾಗಿ 42 ಡಿಗ್ರಿ ಗಾಳಿ ಅದನ್ನು ಎಷ್ಟು ತಂಪು ಮಾಡೀತು? ನಮ್ಮ ಒಣ ಬಿಸಿಲಿಗೆ ಕೆಲಸ ಮಾಡುವುದು ಗೋಣಿತಟ್ಟು. ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ದ್ರಾವಣದ ಕ್ಯಾನಿಗೆ ಎರಡು ಸುತ್ತು ತಟ್ಟು ಸುತ್ತಿ, ಅದರ ಅಂಚನ್ನು ನೀರಿನ ಬುಟ್ಟಿಯಲ್ಲಿ ಇಳಿಬಿಟ್ಟು, ಮೇಲೆ ಆಗಾಗ ನೀರು ಚಿಮುಕಿಸುತ್ತೇನೆ. ಎದುರಿಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನು. ಅದು ಬ್ರಷ್ ಇಲ್ಲದ್ದು, ಕಿಡಿ ಹಾರಿಸುವುದಿಲ್ಲ. 49 ವ್ಯಾಟ್ ಹೊತ್ತೊಯ್ಯಲು ತಾಸಿಗೆ 75 ಮಿಲಿ ನೀರು ಆವಿಯಾದರೆ ಸಾಕು. ಏಪ್ರಿಲ್‌ನಲ್ಲಿ ದ್ರಾವಣ 40ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಶ್ರಾವಣದ ತೇವಕ್ಕೆ ಇದರ ಆಟ ನಡೆಯದು, ಆಗ ಹವೆಯೇ ತಂಪಿರುತ್ತದೆ ಬಿಡಿ.

ಸೆಲ್ಲು ಕಾದಾಗ ಗ್ಯಾಸು ಹೆಚ್ಚು ಬರುತ್ತದೆ ಅನ್ನುವವರಿದ್ದಾರೆ. 60 ಡಿಗ್ರಿಯಲ್ಲಿ ಹೊರಬರುವ ಗ್ಯಾಸಿನ ಐದರಲ್ಲೊಂದು ಪಾಲು ನೀರಿನ ಆವಿ, 70ಕ್ಕೆ ಮೂರರಲ್ಲೊಂದು. ಬಬ್ಲರಿನ, ಅಂದರೆ ಗ್ಯಾಸು ಗುಳ್ಳೆಯಾಗಿ ಹಾಯುವ ನೀರಿನ ಡಬ್ಬಿಯ, ತಣ್ಣೀರು ದಾಟಿದ ಮೇಲೆ ಅಳೆಯಿರಿ. 35 ಡಿಗ್ರಿಗೆ, 6 ಸಂದಿಗೆ, 10 ಆಂಪಿಯರಿಗೆ ನೀರಲ್ಲಿ ಬೋರಲು ಹಾಕಿದ 250 ಮಿಲಿ ಪ್ಲಾಸ್ಟಿಕ್ ಬಾಟಲಿ ಸುಮಾರು 19 ಸೆಕೆಂಡಿಗೆ ತುಂಬಬೇಕು. 25 ಹಿಡಿದರೆ ಕರೆಂಟು ತೂತುಗಳಲ್ಲಿ ಸೋರುತ್ತಿದೆ ಅಂತಲೇ ಅರ್ಥ, ಗ್ಯಾಸು ಹೊರಗೆ ಸೋರುತ್ತಿಲ್ಲ ಅಂತ ಸೋಪಿನ ನೊರೆ ಹಚ್ಚಿ ಖಾತ್ರಿ ಮಾಡಿಕೊಂಡ ಮೇಲೆ. ಗಾಜಿನ ಬಾಟಲಿ ಬಳಸಬೇಡಿ. ತುಂಬಿದ್ದನ್ನು ಬಯಲಲ್ಲಿ ಬಿಟ್ಟುಬಿಡಿ.

ಇಷ್ಟಾದ ಮೇಲೆ ಪಿಡಬ್ಲ್ಯುಎಂ. ಅದು ಆಂಪಿಯರನ್ನು ತಗ್ಗಿಸುವುದಿಲ್ಲ, ಕತ್ತರಿಸುತ್ತದೆ. ಅರ್ಧ ಸಮಯ 20, ಅರ್ಧ ಸಮಯ ಸೊನ್ನೆ. ಮೀಟರ್ ತೋರಿಸುವುದು ಸರಾಸರಿ 10. ಗ್ಯಾಸು ಆ 10ಕ್ಕೆ ತಕ್ಕಷ್ಟೇ, ವೈರು ಕಾಯುವುದು ಮಾತ್ರ ಸಮನಾದ 10 ಹರಿದಾಗಿನ ಎರಡು ಪಟ್ಟು. ಗಟ್ಟಿ ದ್ರಾವಣ ಮಾಡಿ ಪಿಡಬ್ಲ್ಯುಎಂನಿಂದ ಕಟ್ಟಿಹಾಕುವುದಕ್ಕಿಂತ ತೆಳು ದ್ರಾವಣ ಮೇಲು. ನಿಜವಾಗಿ ಹಿಡಿತ ಬೇಕಿದ್ದರೆ 24 ವೋಲ್ಟ್ 15 ಆಂಪಿಯರ್ ಎಸ್‌ಎಂಪಿಎಸ್, ಅದರ ಮುಂದೆ ಕಾಯಿಲ್ ಇರುವ, ಕರೆಂಟ್ ಮಿತಿ ಹೊಂದಿಸಬಲ್ಲ ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಬೋರ್ಡು) ಹಾಕಿ. ಪ್ರೀಸೆಟ್ಟನ್ನು 10ಕ್ಕೆ ಕೂಡಿಸಿದರೆ ದ್ರಾವಣ ಕಾದಂತೆ ಅದೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ.

ಕಾವಲಿಗೆ ಎರಡು. ಬ್ಯಾಟರಿ ಪ್ಲಸ್ಸಿನ ಹತ್ತಿರ 15 ಆಂಪಿಯರ್ ಫ್ಯೂಸು, 4 ಚದರ ಮಿಮೀ ತಾಮ್ರದ ವೈರು. ಕ್ಯಾನಿನ ಮೈಗೆ ಕೆಎಸ್‌ಡಿ301 ಥರ್ಮಲ್ ಸ್ವಿಚ್ (ಕಾದರೆ ತಾನೇ ಕಡಿಯುವಂಥದು), 55 ಅಥವಾ 60 ಡಿಗ್ರಿಯದು. ಸೆಲ್ಲಿನ ಕರೆಂಟನ್ನು ನೇರ ಅದರಲ್ಲಿ ಹಾಯಿಸಬಾರದು. ಡಿಸಿ ಕಿಡಿಗೆ ಕಾಂಟ್ಯಾಕ್ಟು ಬೆಸೆದುಕೊಂಡರೆ ಕಾವಲು ಹೋಯಿತು. ಸ್ವಿಚ್ಚು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಕಡಿಯುವ ಸಾಧನ) ಕಾಯಿಲಿಗೆ, ರಿಲೇ ಸೆಲ್ಲಿಗೆ. ರಿಲೇಯೂ ಕಿಡಿ ಬಿಡುವುದರಿಂದ ಅದನ್ನು ಗ್ಯಾಸ್ ಪೈಪಿನಿಂದ ದೂರ, ಗಾಳಿ ಬರುವ ಕಡೆಗೆ ಇಡಬೇಕು. ತುದಿ ಪ್ಲೇಟಿನ ಬೋಲ್ಟು ಮಾತ್ರ ಕಾಯುತ್ತಿದ್ದರೆ ದ್ರಾವಣದ ತಪ್ಪಲ್ಲ. ಸ್ಟೀಲಿನ ರೋಧ ತಾಮ್ರದ 40 ಪಟ್ಟು. ಒಂದರ ಬದಲು ಎರಡು ಕಡೆ ಲಗ್ ಬಿಗಿಯಿರಿ.

ಬರುವುದು ಹೈಡ್ರೋಜನ್ ಆಕ್ಸಿಜನ್ ಎರಡೂ ಕೂಡಿದ, ಸಿಡಿಯಲು ಸಿದ್ಧವಾದ ಗ್ಯಾಸು. ಬಲೂನು, ಸಿಲಿಂಡರು, ಡಬ್ಬಿ ಯಾವುದರಲ್ಲೂ ಕೂಡಿಡಬಾರದು. ಸೆಲ್ಲಿಗೂ ಗ್ಯಾಸು ಹೊರಬರುವ ತುದಿಗೂ ನಡುವೆ ನೀರಿನ ಬಬ್ಲರ್ ಇರಲೇಬೇಕು, ಅದರ ಮುಚ್ಚಳ ಒತ್ತಡಕ್ಕೆ ತಾನೇ ಹಾರುವಂಥದ್ದಿರಬೇಕು. ಪೂರ್ತಿ ಕೆಲಸ ಅಂಗಳದಲ್ಲಿ.

ಕೆಲ ವಾರಕ್ಕೆ ದ್ರಾವಣ ಕಂದಾದರೆ ಪ್ಲಸ್ ಪ್ಲೇಟು ಸವೆಯುತ್ತಿದೆ, ಆಂಪಿಯರ್ ಇಳಿಸಿ. ಆ ಕಂದು ಕೆಸರಿನಲ್ಲಿ ಕ್ರೋಮಿಯಂ ಇರುತ್ತದೆ. ಬಚ್ಚಲಿಗೆ ಚೆಲ್ಲದೆ, ಹೆಸರು ಬರೆದ ಮುಚ್ಚಳದ ಕ್ಯಾನಿನಲ್ಲಿ ಬೇರೆ ಇಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಬೇಕು. ತಿಳಿ ದ್ರಾವಣ ನೆಲದ ಮೇಲೆ ಚೆಲ್ಲಿದರೆ ವಿನೆಗರ್ ಸುರಿಯಿರಿ ಅಂತ ಹೇಳುವುದುಂಟು. ಶಹಾಬಾದ್ ಫರಸಿಯ ಮೇಲೆ ಅದನ್ನು ಮಾಡಬೇಡಿ. ಕ್ಷಾರಕ್ಕೆ ಆ ಕಲ್ಲು ಜಗ್ಗುವುದಿಲ್ಲ, ಹುಳಿಗೆ ಬುರುಗೆದ್ದು ಪಾಲಿಶ್ ಕಳೆದುಕೊಳ್ಳುತ್ತದೆ. ಗ್ಲೌಸು ಹಾಕಿ ಬಟ್ಟೆಯಿಂದ ಒರೆಸಿ, ಮೇಲೆ ಎರಡು ಸಲ ನೀರು ಹಾಕಿ ತೊಳೆದರಾಯಿತು.