ಎರಡು ಸ್ಪೇಸಿನ ಚಟ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ ಝೆರಾಕ್ಸ್ ಅಂತಿದ್ದರೂ ಹೊಟ್ಟೆ ತುಂಬಿಸುವುದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುವ ಕೆಲಸ. ಕಾಂಪಿಟೇಟಿವ್ ಪರೀಕ್ಷೆಗೆ ಓದಲು ಬಂದ ಹುಡುಗರು ಇಲ್ಲಿ ಗಲ್ಲಿಗಲ್ಲಿಗೂ ಇದ್ದಾರೆ. ಅವರ ಅರ್ಜಿ, ರೆಸ್ಯೂಮೆ, ಕಂಪನಿಗೆ ಕಳಿಸುವ ಇಮೇಲ್ ಎಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ. ನಾನೇನು ಇಂಗ್ಲಿಷ್ ಎಂ.ಎ. ಅಲ್ಲ, ಬರೀ ಟೈಪಿಂಗ್ ಕಲಿತವನು.

ಕಲಿತದ್ದು ಗದಗಿನಲ್ಲಿ, ಟೈಪ್‌ರೈಟರ್ ಮಷೀನಿನ ಮೇಲೆ. ಪೂರ್ಣವಿರಾಮದ ನಂತರ ಸ್ಪೇಸ್ ಎರಡು ಸಲ ಒತ್ತಬೇಕಿತ್ತು, ಒಂದೇ ಒತ್ತಿದರೆ ಹಾಳೆಯ ಮೇಲೆ ಕೆಂಪು ಗೆರೆ. ಯಾಕೆ ಅಂತ ಮಾಸ್ತರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಟೈಪ್‌ರೈಟರಿನಲ್ಲಿ ಸಣಕಲು ಐ ಅಕ್ಷರಕ್ಕೂ ದಪ್ಪನೆಯ ಎಂ ಅಕ್ಷರಕ್ಕೂ ಒಂದೇ ಅಗಲದ ಜಾಗ. ಸಾಲೆಲ್ಲ ಬಿಡಿಬಿಡಿಯಾಗಿ ಕಾಣುವುದರಿಂದ ವಾಕ್ಯ ಮುಗಿದದ್ದು ಕಣ್ಣಿಗೆ ಬೀಳಲು ಇನ್ನೊಂದಿಷ್ಟು ಜಾಗ ಬೇಕಾಗುತ್ತಿತ್ತು. ಕಂಪ್ಯೂಟರಿನಲ್ಲಿ ಆ ತೊಂದರೆ ಇಲ್ಲ, ಒಂದೊಂದು ಅಕ್ಷರಕ್ಕೂ ಅದರದ್ದೇ ಅಗಲ. 2020ರಲ್ಲಿ ಮೈಕ್ರೋಸಾಫ್ಟ್ ವರ್ಡ್ ಎರಡು ಸ್ಪೇಸ್ ಕಂಡರೆ ತಪ್ಪು ಅಂತ ಗೆರೆ ಎಳೆಯತೊಡಗಿತು. ಆಗ ಒಂದೇ ಬಿಟ್ಟರೆ ಗೆರೆ, ಈಗ ಎರಡು ಬಿಟ್ಟರೆ ಗೆರೆ! ತಲೆ ಒಪ್ಪಿಕೊಂಡರೂ ಹೆಬ್ಬೆರಳು ಇನ್ನೂ ಕೇಳುವುದಿಲ್ಲ. ಫೋನಿನಲ್ಲಂತೂ ಹಾಗೆ ಎರಡು ಸಲ ಒತ್ತಿದರೆ ಅದೇ ಚುಕ್ಕೆ ಹಾಕಿಬಿಡುತ್ತದೆ. ಚುಟುಕು ಮೆಸೇಜಿನ ಕೊನೆಗೆ ಚುಕ್ಕೆ ಇದ್ದರೆ ಈಗಿನ ಹುಡುಗರಿಗೆ ಅದು ಸಿಟ್ಟಿನ ಗುರುತು. 'ಓಕೆ' ಅಂತ ಬರೆದ ಮುಂದೆ ಚುಕ್ಕೆ ಬಿತ್ತೆಂದರೆ ಮಗಳು ಕೇಳುತ್ತಾಳೆ, "ಯಾಕಪ್ಪಾ, ಸಿಟ್ಟಾಗೀಯೇನು?"

ಈಗಿನ ಹುಡುಗರು ಇಂಗ್ಲಿಷ್ ಕೆಡಿಸಿದರು ಅಂತ ನಾನೂ ಬಯ್ದವನೇ. ಯೂ ಅನ್ನುವುದಕ್ಕೆ ಒಂದೇ ಅಕ್ಷರ, ಗ್ರೇಟ್ ಅನ್ನುವುದರ ನಡುವೆ 8. ಆದರೆ ಹಳೇ ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡ ಲಿಪಿಯಾದರೆ 70 ಮಾತ್ರ ಹಿಡಿಯುತ್ತಿತ್ತು, ಅದರಲ್ಲೂ ಒತ್ತು, ದೀರ್ಘ ಎಲ್ಲ ಬೇರೆ ಲೆಕ್ಕ. ರೊಕ್ಕ ಕೊಟ್ಟು ಕಳಿಸುವವನು ಅಕ್ಷರ ಉಳಿಸದೆ ಇನ್ನೇನು ಮಾಡಬೇಕು? ಹುಡುಗರ ಓಎಂಜಿ, ಅಂದರೆ 'ಓ ಮೈ ಗಾಡ್' ಕೂಡ ಹೊಸದಲ್ಲ, 1917ರಲ್ಲಿ ಬ್ರಿಟಿಷ್ ನೌಕಾಪಡೆಯ ಮುದುಕ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲೇ ಅದಿದೆ. ಆಕ್ಸ್‌ಫರ್ಡ್ ಡಿಕ್ಷನರಿ ಅದನ್ನು ಸೇರಿಸಿಕೊಂಡದ್ದು ಮಾತ್ರ 2011ರಲ್ಲಿ.

ನನಗೆ ಬುದ್ಧಿ ಬಂದದ್ದು ಬೇರೆ ಕಡೆಯಿಂದ. ಹಾವೇರಿ ಕಡೆಯ ಒಬ್ಬ ಹುಡುಗ ವಾಟ್ಸಾಪಿನಲ್ಲಿ ಎರಡು ಪುಟದ ಅರ್ಜಿ ಕಳಿಸಿದ್ದ. ಯುವರ್ ಅಂತ ಇರಬೇಕಾದಲ್ಲೆಲ್ಲ ಬರೀ ಯು, ಆರ್. ಒಂದೊಂದೇ ಯಾರು ತಿದ್ದುತ್ತಾರೆ ಅಂತ, ಎಲ್ಲ ಕಡೆ ಒಂದೇ ಸಲಕ್ಕೆ ಬದಲಿಸುವ ರೀಪ್ಲೇಸ್ ಆಲ್ ಒತ್ತಿದೆ. ಪೂರ್ತಿ ಪದವನ್ನು ಮಾತ್ರ ಹುಡುಕು ಅಂತ ಒಂದು ಡಬ್ಬಿ ಇರುತ್ತದೆ, ಅದಕ್ಕೆ ಟಿಕ್ ಹಾಕುವುದು ಮರೆತೆ. ಕೋರ್ಸ್ ಸ್ಪೆಲ್ಲಿಂಗಿನ ಹೊಟ್ಟೆಯಲ್ಲೂ ಯು, ಆರ್ ಇದೆ ಅಲ್ವಾ? ಅದು 'ಕೋಯುವರ್ಸ್' ಆಯ್ತು. ಜರ್ನಲ್ 'ಜೋಯುವರ್ನಲ್' ಆಯ್ತು. ನೋಡದೆ ಪ್ರಿಂಟ್ ತೆಗೆದು ಕೊಟ್ಟೆ. ಎರಡು ದಿನ ಬಿಟ್ಟು ಹುಡುಗ ವಾಪಸ್ ಬಂದ. "ಕಾಕಾ, ಇದ್ಯಾವ ಹೊಸಾ ಕೋರ್ಸೋ ತಮ್ಮಾ ಅಂತ ಆಫೀಸಿನ್ಯಾಗ ನಕ್ರೀ."

ನಾಚಿಕೆಯಾಯ್ತು. ಕೂತು ಒಂದೊಂದೇ ಸಾಲು ಓದಿದೆ. ಯು, ಆರ್ ಎಲ್ಲ ಸರಿ ಮಾಡಿದ ಮೇಲೂ ಅರ್ಜಿಯಲ್ಲಿ ಅವನಿಗೆ ಏನು ಬೇಕು ಅನ್ನುವುದೇ ಇರಲಿಲ್ಲ! 'ಐ ಬೆಗ್ ಟು ಸ್ಟೇಟ್' ಇತ್ತು, 'ಕೈಂಡ್ಲಿ ಡು ದ ನೀಡ್‌ಫುಲ್' ಇತ್ತು. ಯಾವ ನೀಡ್‌ಫುಲ್? ಆ ಸಾಲುಗಳನ್ನು ಅವನಿಗೆ ಕೊಟ್ಟವನು ನಾನೇ, ನನ್ನ ಹಳೇ ಫೈಲಿನಿಂದ. "ನಿನಗ ಏನ್ ಬೇಕಾಗೈತಿ, ಕನ್ನಡದಾಗ ಹೇಳಪಾ" ಅಂದೆ. "ಮಾರ್ಕ್ಸ್ ಕಾರ್ಡಿನ್ಯಾಗ ಅಪ್ಪನ ಹೆಸರಿನ ಸ್ಪೆಲ್ಲಿಂಗ್ ತಪ್ಪೈತ್ರಿ, ತಿದ್ದಬೇಕ್ರಿ" ಅಂದ. ಒಂದೇ ಉಸಿರಿನ ಮಾತು. ಅದನ್ನೇ ಮೊದಲ ಸಾಲಿನಲ್ಲಿ ಇಟ್ಟೆ. ಆಮೇಲೆ ರಿಜಿಸ್ಟರ್ ನಂಬರ್, ಈಗ ಏನಿದೆ, ಏನಾಗಬೇಕು. ಎರಡು ಪುಟದ ಅರ್ಜಿ ಅರ್ಧ ಪುಟಕ್ಕೆ ಬಂತು.

ಅವತ್ತಿನಿಂದ ಮೊದಲು ಕನ್ನಡದಲ್ಲಿ ಹೇಳಿಸುತ್ತೇನೆ, ಆಮೇಲೆ ಯಾರು ಓದುತ್ತಾರೆ ಅಂತ ಕೇಳುತ್ತೇನೆ. ಸರ್ಕಾರಿ ಕಚೇರಿಗೆ ಹೋಗುವುದಾದರೆ 'ರೆಸ್ಪೆಕ್ಟೆಡ್ ಸರ್' ಇರಲಿ, ಸುಮ್ನೆ ಯಾಕೆ ಜಗಳ. ಕಂಪನಿಗಾದರೆ ಡಿಯರ್ ಅಂತ ಹೆಸರು ಬರೆದರೆ ಸಾಕು. ಹೊರದೇಶದ ಯೂನಿವರ್ಸಿಟಿಗೆ ಹೋಗುವುದರಲ್ಲಿ 'ಪ್ರಿಪೋನ್' ಬೇಡ, ಅಂದರೆ ಪೋಸ್ಟ್‌ಪೋನಿನ ಉಲ್ಟಾ, ಇಟ್ಟ ದಿನಕ್ಕಿಂತ ಮೊದಲೇ ಮಾಡುವುದು. ಪದ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲಿದೆ, ಆದರೆ ಅಲ್ಲಿಯವರು ಎಷ್ಟೋ ಜನ ಅದನ್ನು ಕೇಳಿಯೇ ಇಲ್ಲ. ಉತ್ತರ ಕೊಡಿ ಅನ್ನುವುದಕ್ಕೆ ನಾವು ಬರೆಯುವ 'ರಿವರ್ಟ್' ಅಂದರೆ ಅವರಿಗೆ ಮೊದಲಿದ್ದ ಸ್ಥಿತಿಗೆ ಮರಳುವುದು, ಅದಕ್ಕೆ ರಿಪ್ಲೈ ಅಂತಲೇ ಹಾಕುತ್ತೇನೆ. ಅಮೆರಿಕದ ಕಂಪನಿಯಾದರೆ ಕಲರ್ ಸ್ಪೆಲ್ಲಿಂಗಿನಲ್ಲಿ ಯು ತೆಗೆಯುತ್ತೇನೆ, ಇಲ್ಲಿಗಾದರೆ ಇಡುತ್ತೇನೆ. ಫ್ರೆಂಚ್ ಭಾಷೆಗೆ ಇರುವ ಹಾಗೆ ಇಂಗ್ಲಿಷಿಗೆ ಅಕಾಡೆಮಿ ಇಲ್ಲ, ಇದೇ ಸರಿ ಅಂತ ಠಸ್ಸೆ ಒತ್ತುವವರು ಯಾರೂ ಇಲ್ಲ.

ಈಗ ಬೇರೆ ಥರದ ಹಾಳೆ ಬರುತ್ತಿವೆ. ಫೋನಿನಲ್ಲಿ ಎಐಗೆ ಕೇಳಿ ಬರೆಸಿಕೊಂಡು ಬರುತ್ತಾರೆ. ಒಂದೂ ಸ್ಪೆಲ್ಲಿಂಗ್ ತಪ್ಪಿಲ್ಲ, ಚುಕ್ಕೆ ಕಾಮಾ ಎಲ್ಲ ಜಾಗದಲ್ಲೇ ಇವೆ, ಎಲ್ಲರದ್ದೂ ಒಬ್ಬನೇ ಬರೆದಂತೆ ಇರುತ್ತದೆ. ಮೊನ್ನೆ ಒಬ್ಬ ಹುಡುಗಿ ಅಂಥದ್ದೇ ಒಂದನ್ನು ಪೆನ್‌ಡ್ರೈವಿನಲ್ಲಿ ತಂದು "ಬರೀ ಪ್ರಿಂಟ್ ಸಾಕ್ರಿ ಕಾಕಾ, ಎಲ್ಲಾ ಸರಿ ಐತಿ" ಅಂದಳು. ಕೆಳಗಿನವರೆಗೂ ಓದಿದೆ. ಸಹಿ ಮಾಡುವ ಜಾಗದಲ್ಲಿ 'ಯುವರ್ ನೇಮ್' ಅಂತಿತ್ತು.

"ಇದು ಯಾರ ಹೆಸರವ್ವಾ?" ಅಂದೆ. ಅವಳು ಬಗ್ಗಿ ಸ್ಕ್ರೀನ್ ನೋಡಿ ಬಾಯಿ ಮುಚ್ಚಿಕೊಂಡಳು. ಸ್ಟೂಲ್ ಎಳೆದು ಹಾಕಿದೆ. "ಕೂಡು, ಈಗ ಏನ್ ಬೇಕಾಗೈತಿ ಹೇಳು."