ಹಾಟ್ ರಾಡ್ ಎಂಜಿನ್ ಆಯಿಲ್ ಕುಡಿಯುತ್ತಿದೆಯಾ, ಬಿಸಿಯಾಗುತ್ತಿದೆಯಾ?

ಹಳೆ ಕಾರಿಗೆ ದೊಡ್ಡ ವಿ8 (ಎಂಟು ಸಿಲಿಂಡರಿನ ಎಂಜಿನ್) ಕೂರಿಸಿ ಹಾಟ್ ರಾಡ್ ಮಾಡಿಕೊಂಡವರು ನನ್ನ ಹತ್ತಿರ ಬಂದು, "ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಬಿಚ್ಚಿಬಿಡಿ" ಅನ್ನುತ್ತಾರೆ. ನಾನು ಸುಮ್ನೆ ಬಿಚ್ಚುವವನಲ್ಲ. ಮೊದಲು ಹೊಗೆ ನೋಡುತ್ತೇನೆ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ಸೀಲ್) ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗ್ ಇರಬಹುದು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ರೀಡಿಂಗ್ ಚೆನ್ನಾಗಿ ಏರಿದರೆ ರಿಂಗೇ. ಏರದಿದ್ದರೆ ವಾಲ್ವ್ ಕಡೆ ನೋಡಿ. ಬಿಚ್ಚುವ ಮುಂಚೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಅನಿಲವನ್ನು ಮತ್ತೆ ಇಂಟೇಕಿಗೆ ಕಳಿಸುವ ವಾಲ್ವ್) ಬದಲಿಸಿ. ಅಗ್ಗದ ಭಾಗ, ಯಾರೂ ನೋಡುವುದಿಲ್ಲ! ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆ) ಗ್ಯಾಸ್ಕೆಟ್ ಕೆಳಗಡೆ ಸರಿಯಾಗಿ ಕೂರದಿದ್ದರೂ ಎಂಜಿನ್ ಒಳಗಿನ ಆಯಿಲ್ ಹೀರಿಕೊಳ್ಳುತ್ತದೆ. ಹೊರಗೆ ಒಂದು ಹನಿಯೂ ಕಾಣದು.

ಬಿಸಿಯ ವಿಷಯಕ್ಕೆ ಬಂದರೆ, ಯಾವಾಗ ಅನ್ನುವುದೇ ಮುಖ್ಯ. ನಿಂತಾಗ ಬಿಸಿಯಾದರೆ ಗಾಳಿ ಸಾಲದು: ಫ್ಯಾನ್, ಅದರ ಸುತ್ತ ಗಾಳಿಯನ್ನು ರೇಡಿಯೇಟರ್ ಮೂಲಕ ಎಳೆಯಲು ಹಾಕುವ ಶ್ರೌಡ್ ನೋಡಿ. ಹಾಟ್ ರಾಡ್‌ಗಳಲ್ಲಿ ಜಾಗ ಇಲ್ಲವೆಂದು ಶ್ರೌಡನ್ನೇ ಬಿಟ್ಟಿರುತ್ತಾರೆ. ವೇಗದಲ್ಲಿ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಇಲ್ಲವೇ ಕೆಳಗಿನ ಹೋಸ್ ಒಳಕ್ಕೆ ಕುಗ್ಗುತ್ತಿರಬಹುದು. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದು ಕಿಡಿ ತಡವಾಗಿ ಹೊತ್ತಿದರೂ ಬಿಸಿ ಜಾಸ್ತಿ. ಸರ್ಪೆಂಟೈನ್ ಬೆಲ್ಟ್ (ಹಲವು ಪುಲ್ಲಿಗಳನ್ನು ಒಂದೇ ಬೆಲ್ಟಿನಿಂದ ತಿರುಗಿಸುವುದು) ಹಾಕಿದ್ದೀರಾ? ವಾಟರ್ ಪಂಪ್ ತಿರುಗುವ ದಿಕ್ಕು ಅದಕ್ಕೆ ಹೊಂದಬೇಕು, ಅಲ್ವಾ?

ಡಿಪ್‌ಸ್ಟಿಕ್ ಮೇಲೆ ಆಯಿಲ್ ಹಾಲಿನಂತೆ ಕಂಡರೆ ಅದರೊಳಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಪರೀಕ್ಷೆ ಆಗುವವರೆಗೆ ಗಾಡಿ ಓಡಿಸಬೇಡಿ. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ.