ಬಿಸಿಲಿಗೂ ಹಿಮಕ್ಕೂ ಒಂದೇ ಕ್ಯಾಮೆರಾ: ನನ್ನ ಅನುಭವ

ಸಿಸಿಟಿವಿ ಕ್ಯಾಮೆರಾ ಹಾಕಬೇಕಿದ್ದದ್ದು ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಜಾಗದಲ್ಲಿ. ಚಳಿಗಾಲದಲ್ಲಿ ಮೈನಸ್ 20ರ ಆಸುಪಾಸು. ಫ್ಯಾನ್, ಹೀಟರ್ ಇರುವ ದೊಡ್ಡ ಹೌಸಿಂಗ್ (ಕ್ಯಾಮೆರಾದ ಹೊರಪೆಟ್ಟಿಗೆ) ಇಲ್ಲದೆ ಆಗೋದೇ ಇಲ್ಲ ಅಂತ ಜೊತೆಗಾರರು ಹಟ ಹಿಡಿದಿದ್ದರು. ನಾನು ಹೌಸಿಂಗ್ ಬಿಟ್ಟೇ ಮಾಡಿದೆ. ಬೇಸಿಗೆ, ಚಳಿಗಾಲ ಎರಡೂ ದಾಟಿವೆ, ಒಂದು ಕ್ಯಾಮೆರಾವೂ ಕೆಟ್ಟಿಲ್ಲ.

ಮೊದಲು ಅಲ್ಲಿದ್ದವು ಗುಮ್ಮಟದಂಥ ಪಾರದರ್ಶಕ ಮುಚ್ಚಳದ ಐಪಿ67 ಡೋಮ್‌ಗಳು. ಐಪಿ67 ನೀರು, ದೂಳಿಗೆ ಸಂಬಂಧಿಸಿದ್ದು ಅಷ್ಟೇ, ತಾಪಮಾನದ ಬಗ್ಗೆ ಅದು ಏನೂ ಹೇಳೋದಿಲ್ಲ. ಮಧ್ಯಾಹ್ನ ಕಾದು ರೀಬೂಟ್ ಆಗುತ್ತಿದ್ದವು. ಚಳಿಯಲ್ಲಿ, ಹಗಲು ಅತಿಗೆಂಪು (ಐಆರ್) ಬೆಳಕನ್ನು ತಡೆಯುವ ಐಆರ್ ಕಟ್ ಫಿಲ್ಟರ್ ಸಿಕ್ಕಿಕೊಂಡು ಹಗಲಲ್ಲೂ ಚಿತ್ರ ಗುಲಾಬಿ. ಡೋಮ್ ಒಳಗೆ ತೇವ ಕೂತರೆ ರಾತ್ರಿ ಕ್ಯಾಮೆರಾದ್ದೇ ಐಆರ್ ಬೆಳಕು ಅಲ್ಲೇ ಚದುರಿ ಪರದೆ ಪೂರ್ತಿ ಬಿಳಿ. ಪ್ರತಿ ಸಲ ಕಂಬ ಹತ್ತಿಸುವ ಕೂಲಿ, ಲಿಫ್ಟ್ ಬಾಡಿಗೆ ಸೇರಿದರೆ ಕ್ಯಾಮೆರಾದ ಬೆಲೆಯನ್ನೇ ಮೀರುತ್ತಿತ್ತು. ದುಡ್ಡು ಸೋರಿದ್ದು ಅಲ್ಲೇ.

ಹೊಸದಕ್ಕೆ ಬಿಳಿ ಮೈಯ ಟರೆಟ್ (ಗುಮ್ಮಟದ ಮುಚ್ಚಳವಿಲ್ಲದ ಗುಂಡು ಕ್ಯಾಮೆರಾ) ಆರಿಸಿದೆ, ರೇಟಿಂಗ್ ಮೈನಸ್ 30ರಿಂದ 60 ಡಿಗ್ರಿ. ಆದರೆ ಡೇಟಾಶೀಟ್‌ನಲ್ಲಿ ನಾನು ಮೊದಲು ಹುಡುಕಿದ್ದು ಬೇರೆ ಸಾಲು: ಸ್ಟಾರ್ಟ್‌ಅಪ್ ತಾಪಮಾನ. ಓಡುತ್ತಿರುವ ಕ್ಯಾಮೆರಾ ತನ್ನ ಬಿಸಿಯಲ್ಲೇ ಬದುಕುತ್ತದೆ. ರಾತ್ರಿ ಕರೆಂಟ್ ಹೋಗಿ ತಣ್ಣಗಾದ ಮೇಲೆ ಮತ್ತೆ ಎದ್ದೇಳೋದೇ ಕಷ್ಟ. ಹಾಗಾಗಿ ಹೌಸಿಂಗ್‌ಗೆ ಎತ್ತಿಟ್ಟ ಹಣದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಪಿಓಇ ಸ್ವಿಚ್ಚಿನ (ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡುವ ಪೆಟ್ಟಿಗೆ) ಯುಪಿಎಸ್‌ಗೆ ಹಾಕಿದೆ. ಸ್ವಿಚ್, ಯುಪಿಎಸ್ ಎರಡೂ ಒಳಗೆ. ಹೊರಗೆ ಅಡಾಪ್ಟರ್ ಇಟ್ಟರೆ ಬಿಸಿಲಿಗೆ ಮೊದಲು ಸಾಯೋದು ಅದರ ಕೆಪಾಸಿಟರ್.

ಒಂದು ಮೂಲೆಗೆ ಮಾತ್ರ ಹೀಟರ್ ಇರುವ ಮಾದರಿ ಬೇಕಾಯ್ತು. ಪಿಓಇ ಸ್ವಿಚ್ಚಿನಲ್ಲಿ 802.3ಎಎಫ್ ಮಾನದಂಡದ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಕ್ಯಾಮೆರಾ ತುದಿಗೆ ಲೆಕ್ಕಕ್ಕೆ ಸಿಗೋದು 13ರಷ್ಟು. ಹೀಟರ್, ಐಆರ್ ಎರಡೂ ಹೊತ್ತಿದಾಗ ಅದು ಸಾಲದೆ ರಾತ್ರಿಯಿಡೀ ರೀಸ್ಟಾರ್ಟ್ ಆಯ್ತು. ಹೆಚ್ಚು ವ್ಯಾಟ್ ಕೊಡುವ 802.3ಎಟಿ ಪೋರ್ಟಿಗೆ ಬದಲಿಸಿದೆ. ಅಲ್ಲಿದ್ದ ಅಲ್ಯೂಮಿನಿಯಂ ತಂತಿಯ ಅಗ್ಗದ ಕೇಬಲ್ ಕಿತ್ತು, ಪಿಇ (ಪಾಲಿಎಥಿಲೀನ್) ಹೊದಿಕೆಯ ಶುದ್ಧ ತಾಮ್ರದ್ದು ಎಳೆದೆ. ಮಾಮೂಲಿ ಪಿವಿಸಿ ಹೊದಿಕೆ ಅಂಥ ಚಳಿಯಲ್ಲಿ ಬಗ್ಗಿಸಿದರೆ ಸೀಳುತ್ತದೆ.

ಬಿಸಿಲಿಗೆ ನನ್ನ ಮದ್ದು ಡಬಲ್ ನೆರಳು. ಕ್ಯಾಮೆರಾ ಮೇಲೆ ಬಿಳಿ ಬಣ್ಣದ ಅಲ್ಯೂಮಿನಿಯಂ ತಗಡು, ನಡುವೆ ಗಾಳಿ ಆಡಲು ಜಾಗ. ತಗಡಿನ ಕೆಳಗೆ ಥರ್ಮಾಮೀಟರ್ ಕಟ್ಟಿ ನೋಡಿದೆ: ಬರೀ ಬಿಸಿಲಲ್ಲಿ ಇಟ್ಟಿದ್ದಕ್ಕಿಂತ ಸುಮಾರು ಎಂಟು ಹತ್ತು ಡಿಗ್ರಿ ಕಮ್ಮಿ. ಕಪ್ಪು ಬಣ್ಣದ್ದೂ ಪಕ್ಕದಲ್ಲೇ ಹಾಕಿ ನೋಡಿದ್ದೆ, ಅದು ಕೆಲಸಕ್ಕೆ ಬರಲಿಲ್ಲ. ಎಷ್ಟು ಅಂತರ, ಎಷ್ಟು ಓರೆ ಅನ್ನೋದು ನನ್ನಲ್ಲೇ ಇರಲಿ. ತುಂಬಾ ಮಧ್ಯಾಹ್ನಗಳನ್ನು ತಿಂದ ಲೆಕ್ಕ ಅದು.

ಕಂಬಕ್ಕೆ ಏರುವ ಮೊದಲು ಪ್ರತಿ ಕ್ಯಾಮೆರಾವನ್ನೂ ಡೀಪ್ ಫ್ರೀಜರ್‌ನಲ್ಲಿ ರಾತ್ರಿಯಿಡೀ ಆಫ್ ಮಾಡಿ ಇಟ್ಟೆ. ಬೆಳಿಗ್ಗೆ ಅಲ್ಲೇ ಪವರ್ ಕೊಟ್ಟು, ಫಿಲ್ಟರ್ ಟಕ್ಕಂತ ಬೀಳುತ್ತಾ, ಫೋಕಸ್ ಸರಿಯುತ್ತಾ ನೋಡಿದೆ. ಕೆಲವು ಇಲ್ಲೇ ಸೋತವು. ಡೇಟಾಶೀಟ್ ಚೆನ್ನಾಗೇ ಇತ್ತು ಅಲ್ವಾ ಅಂತ ವಾದಕ್ಕೆ ಬಂದ ಮಾರಾಟದವರಿಗೆ ರೆಕಾರ್ಡಿಂಗ್ ತೋರಿಸಿದೆ. ಬದಲಿ ಕೊಟ್ಟರು.

ಸೋಲಾರ್ ಬ್ಯಾಟರಿಯದ್ದೂ ಒಂದು ಹಾಕಿ ನೋಡಿದ್ದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಅದಕ್ಕೇ ಸರ್ಕ್ಯೂಟ್ ಚಾರ್ಜಿಂಗನ್ನೇ ನಿಲ್ಲಿಸುತ್ತದೆ. ಹಗಲೆಲ್ಲ ಬಿಸಿಲಿದ್ದರೂ ವಾರದೊಳಗೆ ಖಾಲಿ. ಅದನ್ನು ಕಿತ್ತು ಚಳಿ ಕಾಡದ ಬೇರೆ ಜಾಗಕ್ಕೆ ಹಾಕಿದ್ದೇನೆ, ಅಲ್ಲೂ ಪೂರ್ತಿ ನೆರಳಲ್ಲಿ. ಪ್ಯಾನೆಲ್ ಮಾತ್ರ ಬಿಸಿಲಿಗೆ.